ಬಾಗಿಲಲ್ಲಿ ಹೇಳುವ ಮಾತು

…ಅಲ್ಲ ಅಕ್ಕ, ಮಲಗೋಕೆ ಮುಂಚೆ ಆ ಕಾಲರಿನ ಸೂಜಿ ತೆಗಿ. ನೀನು ಸ್ಕ್ಯಾನಿಗೆ ಬಂದಿದ್ದೀಯೋ, ಯಾರದ್ದಾದ್ರೂ ಅಂಗಿಗೆ ಕಾಜಾ ಹಾಕೋಕೆ ಬಂದಿದ್ದೀಯೋ? ಮೈಮೇಲೆ ಲೋಹದ್ದು ಏನೂ ಇರಬಾರದು ಅಂತ ಬೆಳಿಗ್ಗೆ ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಕೊಟ್ಟಿದ್ದೆ. ಉಂಗುರ ತೆಗೆದಿದ್ದೀಯ, ಓಲೆ ತೆಗೆದಿದ್ದೀಯ, ಬೀಗದ ಕೈ ಮಗಳಿಗೆ ಕೊಟ್ಟಿದ್ದೀಯ, ಸೂಜಿ ಮಾತ್ರ ಇದ್ದಲ್ಲೇ ಇದೆ. ದಾರಾನೂ ಪೋಣಿಸಿಟ್ಟಿದ್ದೀಯಲ್ಲ, ನೀಲಿ ದಾರ. ಕೊಡು ಇಲ್ಲಿ. ಈ ಸ್ಟೀಲ್ ತಟ್ಟೆಯಲ್ಲಿ ಇಟ್ಟಿರ್ತೀನಿ, ಹೋಗುವಾಗ ನೆನಪು ಮಾಡಿ ತಗೋ.

ಏನು ನೋಡ್ತಿದ್ದೀಯ? ಓ, ನನ್ನ ಕೋಟಿನ ಗುಂಡೀನಾ… ಗೊತ್ತು, ನೇತಾಡ್ತಿದೆ. ಒಂದು ವಾರದಿಂದ ನೇತಾಡ್ತಿದೆ. ಕೈ ಚಾಚಬೇಡ, ಈಗಲ್ಲ. ನಿನ್ನ ಕಣ್ಣಿಗೆ ಮನುಷ್ಯರು ಬೀಳೋದೇ ಇಲ್ಲ. ಮೊದಲು ಗುಂಡಿ, ಆಮೇಲೆ ಹೊಲಿಗೆ, ಪುರುಸೊತ್ತಿದ್ರೆ ಮುಖ.

ಬಾ, ಮಲಗು. ನಿಧಾನ. ಮೊದಲು ಕೂತ್ಕೋ, ಆಮೇಲೆ ಒಂದು ಮಗ್ಗುಲಾಗಿ… ನೋವಾ? ಇಲ್ಲ ಅಂತ ತಲೆ ಆಡಿಸ್ತೀಯ, ತುಟಿ ಕಚ್ಕೊಂಡಿದ್ದೀಯ. ತಡಿ, ಮೊಣಕಾಲಿನ ಕೆಳಗೆ ದಿಂಬು ಇಡ್ತೀನಿ, ಬೆನ್ನಿಗೆ ಸ್ವಲ್ಪ ಹಾಯೆನಿಸುತ್ತೆ. ಮೇಜು ಅಗಲ ಇಲ್ಲ, ನೀನು ಬಟ್ಟೆ ಕತ್ತರಿಸೋ ಮೇಜಿನ ಅರ್ಧಾನೂ ಇಲ್ಲ. ಆದ್ರೆ ಬೀಳಲ್ಲ, ಬೆಲ್ಟ್ ಹಾಕ್ತೀನಿ. ಕೈ ಎರಡೂ ಪಕ್ಕಕ್ಕೆ. ಕಾಲು ಜೋಡಿಸು, ಹೆಬ್ಬೆರಳು ಎರಡೂ ಸೇರಿಸಿ ಈ ಪಟ್ಟಿ ಕಟ್ತೀನಿ… ಹಾಗೆ ನೋಡಬೇಡ. ಬದುಕಿರೋರಿಗೂ ಕಟ್ತೀವಿ. ಪಾದ ಆಚೀಚೆ ವಾಲದೇ ಇರಲಿ ಅಂತ, ಅಷ್ಟೇ. ಯಾಕೆ ನಗ್ತೀಯ? ನಗೋದಿದ್ರೆ ಈಗಲೇ ನಕ್ಕು ಮುಗಿಸು, ಕ್ಯಾಮೆರಾ ಹೊರಟ ಮೇಲೆ ನಗೋ ಹಾಗಿಲ್ಲ.

ಎಲ್ಲರಿಗೂ ಹೇಳೋದನ್ನ ನಿನಗೂ ಹೇಳಿಬಿಡ್ತೀನಿ, ಕೇಳು. ದಿನಕ್ಕೆ ಎಂಟು ಹತ್ತು ಸಲ ಹೇಳಿ ಹೇಳಿ ನನಗೆ ಬಾಯಿಪಾಠ ಆಗಿಹೋಗಿದೆ. ಬೆಳಿಗ್ಗೆ ನಿನ್ನ ಕೈನರಕ್ಕೆ ಕೊಟ್ಟ ಔಷಧಿ ಈ ಮೂರು ಗಂಟೆಯಲ್ಲಿ ರಕ್ತದ ಜೊತೆ ಸುತ್ತಾಡಿ ಮೂಳೆಗೆ ಹೋಗಿ ಕೂತಿರುತ್ತೆ. ಮಿಕ್ಕಿದ್ದು ಮೂತ್ರದಲ್ಲಿ ಹೋಗುತ್ತೆ, ಅದಕ್ಕೇ ಲೋಟ ಲೋಟ ನೀರು ಕುಡಿಸಿದ್ದು. ಮೂಳೆಯಲ್ಲಿ ಎಲ್ಲಿ ರಿಪೇರಿ ಕೆಲಸ ಜಾಸ್ತಿ ನಡೀತಿದೆಯೋ ಅಲ್ಲಿ ಔಷಧಿಯೂ ಜಾಸ್ತಿ ಸೇರುತ್ತೆ, ಚಿತ್ರದಲ್ಲಿ ಅಲ್ಲಿ ಕಪ್ಪಾಗಿ ಕಾಣುತ್ತೆ. ಮೇಲೊಂದು ಕೆಳಗೊಂದು ದೊಡ್ಡ ಹಲಗೆ ಇದೆಯಲ್ಲ, ಅದೇ ಕ್ಯಾಮೆರಾ. ಎಲ್ಲರೂ ಇದು ತಮ್ಮ ಮೇಲೆ ಏನೋ ಬಿಡುತ್ತೆ ಅಂದ್ಕೊಂಡು ಹೆದರ್ತಾರೆ. ಇದು ಏನೂ ಬಿಡಲ್ಲ. ವಿಕಿರಣ ಬಿಡೋದು ನಿನ್ನೊಳಗಿನ ಔಷಧಿ. ದೀಪ ನೀನು, ಇದು ಬರೀ ನೋಡೋದು. ನೋವಿಲ್ಲ, ಬಿಸಿ ಇಲ್ಲ, ಶಬ್ದಾನೂ ನಿನ್ನ ಹೊಲಿಗೆ ಮಷಿನ್‌ಗಿಂತ ಕಡಿಮೆ. ಮುಖದ ಹತ್ತಿರ ಬಂದಾಗ ಮೂಗಿಗೆ ತಾಗೇಬಿಡುತ್ತೆ ಅನ್ನಿಸುತ್ತೆ, ತಾಗಲ್ಲ. ಕಣ್ಣು ಮುಚ್ಕೊಂಡಿರು. ತಲೆಯಿಂದ ಪಾದದವರೆಗೆ ಇಪ್ಪತ್ತು ನಿಮಿಷ. ಉಸಿರಾಡಬಹುದು. ಮಾತಾಡೋ ಹಾಗಿಲ್ಲ. ಅಲುಗಾಡೋ ಹಾಗಿಲ್ಲ.

ಅಲುಗಾಡಬೇಡ ಅನ್ನೋದನ್ನ ನಾನು ನಿನ್ನಿಂದಲೇ ಕಲಿತಿದ್ದು ಅಲ್ವಾ? ಅಮ್ಮ ಹೋದ ಮೇಲೆ ನನ್ನ ಶಾಲೆಯ ಚಡ್ಡಿ ಅಂಗಿ ಎಲ್ಲ ನೀನೇ ಹೊಲಿದದ್ದು. ಸ್ಟೂಲಿನ ಮೇಲೆ ನಿಲ್ಲಿಸಿ, ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಕೊಂಡು, ಆ ಸೂಜಿಗಳ ಸಂದಿಯಿಂದಲೇ ಹೇಳ್ತಿದ್ದೆ, ಅಲುಗಾಡಬೇಡ ಕಣೋ, ಚುಚ್ಚುತ್ತೆ. ನಾನು ಉಸಿರು ಬಿಗಿಹಿಡಿದು ನಿಲ್ತಿದ್ದೆ. ಈಗ ನಿನ್ನ ಪಾಳಿ. ಹೊರಟಿತು ನೋಡು ಕ್ಯಾಮೆರಾ. ಕಣ್ಣು ಮುಚ್ಚು.

ನಾನು ಇಲ್ಲೇ ಇದ್ದೀನಿ, ಈ ಮೂಲೆಯ ಮೇಜಿನಲ್ಲಿ. ಹತ್ತಿರ ನಿಲ್ಲೋ ಹಾಗಿಲ್ಲ ನಾನು, ಔಷಧಿ ಹೋದವರಿಂದ ದೂರ ಇರಬೇಕು ಅಂತ ನಿಯಮ. ಎದೆ ಮೇಲೆ ಸಿಕ್ಕಿಸ್ಕೊಂಡಿದ್ದೀನಲ್ಲ ಈ ಬ್ಯಾಡ್ಜು, ಇದು ತಿಂಗಳು ತಿಂಗಳು ಚಾಡಿ ಹೇಳುತ್ತೆ, ಯಾರ ಹತ್ತಿರ ಎಷ್ಟು ಹೊತ್ತು ನಿಂತಿದ್ದೆ ಅಂತ.

ನೀನು ಹಟ ಹಿಡಿದು ನನ್ನ ಪಾಳಿಗೇ ಹೆಸರು ಬರೆಸಿದ್ದು ಯಾಕೆ ಅಂತ ನನಗೆ ಗೊತ್ತಿಲ್ಲ ಅಂದ್ಕೊಂಡೆಯಾ? ಕಣ್ಣು ಮುಚ್ಕೊಂಡೇ ಕೇಳು. ಚಿತ್ರ ತೆಗೆಯೋದು ನನ್ನ ಕೆಲಸ, ಅದನ್ನ ಓದೋದು ಡಾಕ್ಟರ ಕೆಲಸ. ಈ ಮೇಜಿನಿಂದ ಎದ್ದು ಕೂತವರೆಲ್ಲ ಕೇಳೋದು ಒಂದೇ ಪ್ರಶ್ನೆ, ಏನಾದ್ರೂ ಕಾಣಿಸ್ತಾ ಅಂತ. ನನ್ನ ಉತ್ತರಾನೂ ಒಂದೇ, ಡಾಕ್ಟರು ಹೇಳ್ತಾರೆ. ಹದಿನೇಳು ವರ್ಷದಲ್ಲಿ ಒಬ್ಬರಿಗೂ ಒಂದಕ್ಷರ ಹೆಚ್ಚಿಗೆ ಹೇಳಿಲ್ಲ ಅಂತ ಬೀಗ್ತಿದ್ದೆ. ನನ್ನ ಜಂಬ ಇಳಿಸಿದ್ದು ಇಲ್ಲಿ ನೆಲ ಒರೆಸೋ ಅಮ್ಮ. ಆ ಕಥೆ ನಿನಗೆ ಗೊತ್ತಲ್ಲ, ನಾನೇ ಬಂದು ಹೇಳಿದ್ದೆ. ಒಂದು ದಿನ ಬಕೆಟ್ ಕೆಳಗಿಟ್ಟು ಕೇಳಿದಳು, ಸಾರ್, ನೀವು ಬಾಗಿಲಲ್ಲೇ ಎಲ್ಲ ಹೇಳಿಬಿಡ್ತೀರಲ್ಲ ಅಂತ. ನನಗೆ ಅರ್ಥ ಆಗಲಿಲ್ಲ. ಚಿತ್ರ ಚೆನ್ನಾಗಿದ್ದೋರಿಗೆ ನಾನು ಬಾಗಿಲಲ್ಲಿ ‘ಇನ್ನು ಈ ಕಡೆ ತಲೆ ಹಾಕಬೇಡಿ’ ಅಂತೀನಂತೆ. ಚೆನ್ನಾಗಿಲ್ಲದೋರಿಗೆ ‘ಹೋಗಿ ಬನ್ನಿ’ ಅಂತೀನಂತೆ. ಅವಳು ಎರಡು ವರ್ಷದಿಂದ ಲೆಕ್ಕ ಹಾಕಿದ್ದಾಳೆ, ಒಂದು ಸಲಾನೂ ತಪ್ಪಿಲ್ಲ.

ನನಗೇ ಗೊತ್ತಿರಲಿಲ್ಲ ಅಕ್ಕ. ಆಮೇಲೆ ಯೋಚಿಸಿ ನೋಡಿದೆ. ಮೂರು ತಿಂಗಳಿಗೆ ಮತ್ತೆ ಬರಲೇಬೇಕಾದವರಿಗೆ ಬರಬೇಡಿ ಅನ್ನೋಕೆ ನಾಲಿಗೆ ಏಳಲ್ಲ. ಹಾಗಾಗಿ ಊರಲ್ಲಿ ಎಲ್ಲರೂ ಎಲ್ಲ ಬಾಗಿಲಲ್ಲೂ ಹೇಳೋ ಮಾತು ಬಂದುಬಿಡುತ್ತೆ. ಗೊತ್ತಾದ ಮೇಲೆ ಎಲ್ಲರಿಗೂ ಒಂದೇ ಮಾತು ಹೇಳೋಣ ಅಂತ ಪ್ರಯತ್ನ ಪಟ್ಟೆ. ಒಬ್ಬ ಮೇಷ್ಟ್ರು, ನಲವತ್ತು ವರ್ಷ ಇರಬಹುದು, ಅವರಿಗೆ ನಗ್ತಾ ಹೇಳೋಕೆ ಹೋದೆ, ಇನ್ನು ಈ ಕಡೆ… ಮುಂದೆ ಹೇಳೋಕಾಗದೆ ಕೆಮ್ಮು ಬಂದ ಹಾಗೆ ನಟಿಸಿದೆ. ಅವರು ಪಾಪ, ನನಗೇ ನೀರು ತಂದುಕೊಟ್ಟರು.

ಇದನ್ನೆಲ್ಲ ಮನೆಗೆ ಬಂದು ನಿನ್ನ ಮುಂದೆ ಹೇಳ್ಕೊಂಡು ನಕ್ಕಿದ್ದೆ. ನೀನು ನಗಲಿಲ್ಲ, ಹೊಲೀತಾನೇ ಇದ್ದೆ. ಆವತ್ತೇ ಮಡಚಿ ಒಳಗಿಟ್ಟಿದ್ದೀಯ, ಇವತ್ತು ಬೆಳಿಗ್ಗೆ ಹೊರಗೆ ತೆಗೆದೆ. ನಾನು ಇಂಜೆಕ್ಷನ್ ಕೊಡುವಾಗ ನೀನು ಏನಂದೆ ನೆನಪಿದೆಯಾ? ಡಾಕ್ಟರು ನಿಮಗೆಲ್ಲ ಒಂದು ಹೇಳ್ತಾರೆ, ನನಗೊಂದು ಹೇಳ್ತಾರೆ, ನಾನು ನಂಬೋದು ಬಾಗಿಲಲ್ಲಿ ನೀನು ಹೇಳೋ ಮಾತನ್ನ. ಒಳ್ಳೇದಿದ್ರೆ ನಾಳಿದ್ದು ಮಗಳ ಜೊತೆ ಅವಳ ಊರಿಗೆ ಹೊರಡ್ತೀನಿ. ಇಲ್ಲದಿದ್ರೆ ಇಲ್ಲೇ ಇದ್ದುಬಿಡ್ತೀನಿ, ಹೆರಿಗೆ ಮನೇಲಿ ಬಾಣಂತಿಗೊಂದು ರೋಗಿಗೊಂದು ಅಂತ ಎರಡೆರಡು ಹಾಸಿಗೆ ಹಾಸೋದು ಬೇಡ. ಅಷ್ಟು ಹೇಳಿ ಬಾಯಿ ಹೊಲ್ಕೊಂಡೆ. ಇನ್ನೂ ಬಿಚ್ಚಿಲ್ಲ.

ಸರಿ, ಮುಖ ದಾಟಿತು. ಕಣ್ಣು ಬಿಡಬಹುದು. ನೋಡು, ಎಷ್ಟು ಬೇಗ. ಚಿತ್ರ ಚೆನ್ನಾಗಿ ಮೂಡ್ತಿದೆ. ಚುಕ್ಕಿ ಚುಕ್ಕಿಯಾಗಿ ಮೇಲಿಂದ ಬರುತ್ತೆ ಇದು, ಒಂದೊಂದೇ ಸಾಲು. ತಲೆಬುರುಡೆ ಬಂತು. ಅದರೊಳಗೆ ಏನಾದ್ರೂ ಇದೆಯಾ ಅಂತ ಮಾತ್ರ ಇದರಲ್ಲಿ ಕಾಣಲ್ಲ… ನಗಬೇಡ ಅಂದೆನಲ್ಲ. ದವಡೆ. ಕತ್ತು. ಬಲಭುಜದಲ್ಲಿ ಸ್ವಲ್ಪ ಕಪ್ಪಿದೆ, ಅದು ಕತ್ತರಿ ಹಿಡಿದು ಸವೆದ ಭುಜ, ಟೈಲರುಗಳಿಗೆಲ್ಲ ಹಾಗೇ ಇರುತ್ತೆ. ಕೇಳಿದೆಯಾ, ನಿಯಮ ಮುರಿದು ನಿನಗೆ ಎಲ್ಲ ಹೇಳ್ತಿದ್ದೀನಿ. ಇನ್ನು ಎದೆಗೂಡು. ಪಕ್ಕೆಲುಬು ಏಣಿ ಮೆಟ್ಟಿಲ ಹಾಗೆ ಒಂದೊಂದೇ ಇಳೀತಾ… ಇಳೀತಾ…

…

ಏನು ಹೇಳ್ತಿದ್ದೆ?

ಹಾಂ, ಟೀ. ಇದು ಮುಗಿದ ಮೇಲೆ ನೀನು ಟೀ ಕುಡಿಬಹುದು. ಊಟಾನೂ ಮಾಡಬಹುದು, ಪಥ್ಯ ಗಿಥ್ಯ ಏನಿಲ್ಲ. ನೀರು ಮಾತ್ರ ಜಾಸ್ತಿ ಕುಡಿ ಇವತ್ತೆಲ್ಲ. ಕೆಳಗಡೆ ಕ್ಯಾಂಟೀನಿದೆ, ಟೀ ಅಷ್ಟಕ್ಕಷ್ಟೇ, ಆದ್ರೆ ಬಿಸಿ ಇರುತ್ತೆ.

ಯಾಕೆ ಆ ಕಡೆ ಕಣ್ಣು ಹೊರಳಿಸ್ತೀಯ? ಪರದೆ ತಿರುಗಿಸಿದ್ದಕ್ಕಾ? ಕಿಟಕಿ ಬೆಳಕು ಬೀಳುತ್ತೆ ಅದರ ಮೇಲೆ, ಸರಿಯಾಗಿ ಕಾಣಲ್ಲ… ಕಿಟಕಿ ಎಲ್ಲಿದೆ ಅಂತ ಹುಡುಕ್ತಿದ್ದೀಯಾ? ಕಿಟಕಿ ಇಲ್ಲ. ಟ್ಯೂಬ್‌ಲೈಟ್ ಬೆಳಕು ಅಂದೆ. ಕತ್ತು ತಿರುಗಿಸಬೇಡ. ನೇರ ಮೇಲೆ ನೋಡು, ಛಾವಣಿಯಲ್ಲಿ ಒಂದು ಕಲೆ ಇದೆ ನೋಡು, ಎಲ್ಲರೂ ಅದನ್ನೇ ನೋಡ್ತಾರೆ. ಕೆಲವರಿಗೆ ಅದು ಹಂಸದ ಹಾಗೆ ಕಾಣುತ್ತಂತೆ, ಒಬ್ಬರಿಗೆ ಬೂಟಿನ ಹಾಗೆ. ನಿನಗೆ ಏನೋ ಹರಿದ ಜೇಬಿನ ಹಾಗೆ ಕಾಣ್ತಿರಬಹುದು.

ಆಮೇಲೆ… ನಿನ್ನ ಮಗಳು. ಅವಳು ಹೊರಗೆ ಕಾರಿಡಾರಿನ ಆ ತುದಿಯಲ್ಲಿ ಕೂತಿದ್ದಾಳೆ. ಒಳಗೆ ಬರ್ತೀನಿ ಅಂದಳು, ನಾನೇ ಬೇಡ ಅಂದೆ, ಏಳು ತಿಂಗಳು ತುಂಬಿದೆ, ಈ ಬಾಗಿಲ ಹತ್ತಿರಾನೂ ಸುಳಿಯಬಾರದು. ನೀನೂ ಇವತ್ತು ಅವಳ ಪಕ್ಕ ಕೂರಬೇಡ, ಹೊಟ್ಟೆ ಮುಟ್ಟಿ ನೋಡ್ತೀನಿ ಅಂತ ಹೋಗಬೇಡ. ನಾಳೆ ಬೆಳಿಗ್ಗೆ ಹೊತ್ತಿಗೆ ಔಷಧಿಯೆಲ್ಲ ಇಳಿದುಹೋಗಿರುತ್ತೆ. ಒಂದು ದಿನದ ಮಾತು. ಒಂದು ದಿನ ದೂರ ಇದ್ರೆ ಆಮೇಲೆ ಬೇಕಾದಷ್ಟು… ಬೇಕಾದಷ್ಟು ದಿನ ಹತ್ತಿರ ಇರಬಹುದು.

ಎಷ್ಟು ಅಂಗಿ ಹೊಲಿದಿದ್ದೀಯ ಆ ಮಗುವಿಗೆ? ಆರಾ? ಮೊನ್ನೆ ತೋರಿಸಿದೆಯಲ್ಲ, ಒಂದೊಂದೂ ಅಂಗೈ ಅಗಲ. ಎಲ್ಲದರಲ್ಲೂ ಅಂಚಿಗೆ, ತೋಳಿಗೆ ಬಟ್ಟೆ ಒಳಗೆ ಮಡಚಿ ಬಿಟ್ಟಿದ್ದೀಯ. ಬೆಳೆದ ಹಾಗೆ ಬಿಚ್ಚಿಕೊಂಡು ಹೋದ್ರೆ ಎರಡು ವರ್ಷ ಬರುತ್ತೆ ಅಂದೆ. ನನ್ನ ಚಡ್ಡೀನೂ ಹಾಗೇ ಮಾಡ್ತಿದ್ದೆ. ಪ್ರತಿ ಬೇಸಿಗೆ ರಜೆಯಲ್ಲೂ ಒಂದೊಂದು ಮಡಿಕೆ ಬಿಚ್ಚೋದು, ಬಿಚ್ಚಿದಲ್ಲಿ ಹೊಸ ಬಣ್ಣದ ಪಟ್ಟಿ. ನನ್ನ ವಯಸ್ಸನ್ನ ನನ್ನ ಚಡ್ಡಿಯಲ್ಲೇ ಎಣಿಸಬಹುದಿತ್ತು. ಅದನ್ನ ಬಿಚ್ಚೋದು ಹೇಗೆ ಅಂತ ಮಗಳಿಗೂ ಹೇಳಿಕೊಡು ಅಕ್ಕ. ಅವಳಿಗೆ ಒಂದು ಗುಂಡಿ ಹಾಕೋಕೂ ಬರಲ್ಲ, ನೀನು ಕಲಿಸಲೇ ಇಲ್ಲ. ಈಗ ಹೋದ ತಕ್ಷಣ ಕಲಿಸು. ಮೊದಲ ವಾರದಲ್ಲೇ.

ಯಾಕೆ ಅಂದ್ರೆ… ಯಾಕೆ ಅಂದ್ರೇನು, ಕಲಿತಿರಲಿ ಅಂತ. ತಾಯಿಯಾಗೋಳು.

ಅಲುಗಾಡಬೇಡ. ಬೆರಳು ಆಡಿಸ್ತಿದ್ದೀಯ. ಮೇಜಿನ ಅಂಚು ಹೊಲಿಯೋ ಹಾಗೆ ಬೆರಳು ಹೋಗ್ತಿದೆ ನೋಡು ನಿಂದು. ಹಾಂ, ಈಗ ಸರಿ.

ಇನ್ನು ಹತ್ತು ನಿಮಿಷ. ಸೊಂಟ ದಾಟ್ತಿದೆ. ಬೇಗ ಮುಗಿಯುತ್ತೆ. ನಾನು ಮಾತಾಡ್ತಾ ಇದ್ರೆ ಹೊತ್ತು ಹೋಗಿದ್ದು ಗೊತ್ತಾಗಲ್ಲ… ಮತ್ತೆ ನನ್ನನ್ನೇ ನೋಡ್ತೀಯ. ಇವನು ಯಾಕೆ ಇಷ್ಟು ಮಾತಾಡ್ತಿದ್ದಾನೆ ಅಂತಾನಾ? ಮಾತಾಡಬಾರದಾ? ಚಿಕ್ಕಂದಿನಲ್ಲಿ ನನ್ನನ್ನ ಮನೆಯವರೆಲ್ಲ ಮೂಗ ಅಂತಲೇ ಕರೀತಿದ್ರಿ. ಮೂಗ, ನೀರು ತಾ. ಮೂಗ, ಊಟಕ್ಕೆ ಬಾ. ಶಾಲೆಯಲ್ಲಿ ಹಾಜರಿ ಕೂಗಿದ್ರೆ ಪಕ್ಕದವನು ನನ್ನ ಪರವಾಗಿ ಬಂದಿದ್ದಾನೆ ಅಂತಿದ್ದ. ಮೂಗನಿಗೂ ಒಂದು ದಿನ ಬಾಯಿ ಬರಬಾರದಾ? ಇಲ್ಲಿ ಕೆಲಸಕ್ಕೆ ಸೇರಿದ ಮೇಲೆ ಕಲಿತೆ ಅಕ್ಕ. ಮಲಗಿದವರು ಹೆದರಿರ್ತಾರೆ, ಏನಾದ್ರೂ ಮಾತಾಡ್ತಿರಬೇಕು.

ಏನು, ಎಲ್ಲರ ಹತ್ತಿರಾನೂ ಹೀಗೇನಾ ಅಂತಾನಾ ಆ ನೋಟ? ಹೂಂ. ಎಲ್ಲರ ಹತ್ತಿರಾನೂ. ಹೆಚ್ಚು ಕಡಿಮೆ.

ಮೂರು ವರ್ಷದ ಹಿಂದೆ ನಿನ್ನ ಹತ್ತಿರ ಇಷ್ಟು ಮಾತಾಡಲಿಲ್ಲ, ಒಪ್ತೀನಿ. ಆವತ್ತು ಎದೆಯ ಗಂಟು ತೆಗೆಸಿ, ಕೂದಲೆಲ್ಲ ಉದುರಿ, ಟೋಪಿ ಹೊಲಿದು ಹಾಕ್ಕೊಂಡು ಬಂದಿದ್ದೆ ನೀನು. ಇದೇ ಮೇಜು. ಚಿತ್ರ ಬಂತು, ಒಂದು ಮಚ್ಚೇನೂ ಇರಲಿಲ್ಲ, ತೊಳೆದಿಟ್ಟ ಹಾಗಿತ್ತು. ನಾನು ಬಾಗಿಲಲ್ಲಿ ನಿಂತು, ಇನ್ನು ಈ ಕಡೆ ತಲೆ ಹಾಕಬೇಡ ಅಂತ ಬೈದ ಹಾಗೆ ಹೇಳಿದ್ದೆ. ನೀನು ನನ್ನ ಮಾತು ಕೇಳಿದ್ದು ಜೀವಮಾನದಲ್ಲಿ ಅದೊಂದೇ ಸಲ. ತಲೆ ಹಾಕಲೇ ಇಲ್ಲ.

ಬೆನ್ನು ನೋಯುತ್ತೆ ಅಂತ ಶುರು ಮಾಡಿದ್ದು ಯಾವಾಗ ನೀನು? ಎಂಟು ತಿಂಗಳಾಯ್ತಾ? ಹೋಗಿ ತೋರಿಸು ಅಂತ ನಾನು ಬಾಯಿಮಾತಿಗೆ ಅಂದೆ, ನೀನೇ ಬರಬೇಡ ಅಂದಿದ್ದೆಯಲ್ಲೋ ಅಂತ ನೀನು ನಕ್ಕೆ. ನಾನೂ ನಕ್ಕೆ. ನಗಬಾರದಿತ್ತು. ಈ ಕೋಣೆಯಲ್ಲಿ ಹದಿನೇಳು ವರ್ಷದಿಂದ ಬೆನ್ನುನೋವು ಅಂತ ಬಂದೋರನ್ನೇ ಮಲಗಿಸ್ತಾ ಇರೋನು, ಬೆನ್ನುನೋವು ಅಂದ್ರೆ ಏನೇನು ಇರಬಹುದು ಅಂತ ಗೊತ್ತಿರೋನು, ಆವತ್ತೇ ಕೈ ಹಿಡಿದು ಎಳ್ಕೊಂಡು ಬರಬೇಕಿತ್ತು. ನಾನು ಏನು ಮಾಡಿದೆ? ಮಷಿನ್ ತುಳಿದು ತುಳಿದು ಹಾಗಾಗಿದೆ ಅಂತ ಮೋಟಾರ್ ಹಾಕಿಸಿಕೊಟ್ಟೆ. ಮೋಟಾರ್ ಹಾಕಿದ ಮೇಲೂ ನೋಯುತ್ತೆ ಅಂದಾಗ ಕುರ್ಚಿ ಬದಲಾಯಿಸಿದೆ. ಕುರ್ಚಿಗೆ ಮೆತ್ತೆ ತಂದೆ. ಹೆದರ್ತಿದ್ದೆ ಅಕ್ಕ. ನೋಡದೇ ಇದ್ರೆ ಇರಲ್ಲ ಅಂತ… ಬುದ್ಧಿ ಇರೋರು ಮಾಡೋ ಕೆಲಸಾನಾ ಅದು.

ಇಲ್ಲ, ಇಲ್ಲ. ಸುಮ್ಮನೆ ಹೇಳಿದೆ. ಅದಕ್ಕೂ ಇದಕ್ಕೂ ಏನೂ ಇಲ್ಲ. ಬೆನ್ನುನೋವು ಅಂದ್ರೆ ನೂರು ಕಾರಣ. ನಿನ್ನ ವಯಸ್ಸಿನವರ ಬೆನ್ನು ಯಾರದ್ದು ಸರಿ ಇರುತ್ತೆ? ಡಾಕ್ಟರು ನೋಡಿ ಹೇಳ್ತಾರೆ.

ಮುಗೀತು. ಪಾದದವರೆಗೂ ಬಂತು. ಪಟ್ಟಿ ಬಿಚ್ತೀನಿ ತಡಿ. ಆದ್ರೆ ಈಗಲೇ ಹೊರಡೋದಲ್ಲ, ಇನ್ನೊಂದೆರಡು ಚಿತ್ರ ತೆಗೀಬೇಕು. ಬೆನ್ನಿನದು, ಮತ್ತೆ ಸೊಂಟದ್ದು ಪಕ್ಕದಿಂದ. ಯಾಕೆ ಅಂದ್ರೆ ನೀನು ನಡುವೆ ಕೆಮ್ಮಿದೆಯಲ್ಲ, ಅಲ್ಲಿ ಮಸುಕಾಗಿದೆ… ಕೆಮ್ಮಲಿಲ್ವಾ? ಸರಿ, ಬೆರಳು ಆಡಿಸಿದೆ. ಬೆರಳು ಆಡಿಸಿದ್ರೂ ಆಗುತ್ತೆ. ಎಲ್ಲರಿಗೂ ತೆಗೀತೀವಿ. ಬಹಳ ಜನಕ್ಕೆ. ಅದಕ್ಕೆ ಮುಂಚೆ ಮೂತ್ರಕೋಶ ಪೂರ್ತಿ ಖಾಲಿ ಇರಬೇಕು, ಇಲ್ಲದಿದ್ರೆ ಸೊಂಟದ ಮೂಳೆ ಅದರ ಹಿಂದೆ ಮರೆಯಾಗುತ್ತೆ. ಏಳು, ನನ್ನ ಭುಜ ಹಿಡ್ಕೋ. ಬ್ಯಾಡ್ಜು ಏನಾದ್ರೂ ಬರ್ಕೊಳ್ಳಲಿ, ಹಿಡ್ಕೋ. ಆ ಎಡಗಡೆ ಬಾಗಿಲೇ ಬಾತ್‌ರೂಮು. ಹೋಗಿ ಬಾ.

…

ಬಾತ್‌ರೂಮಿಗೆ ಹೋಗಿ ಬಾ ಅಂದೆ ಅಕ್ಕ. ಬಾತ್‌ರೂಮಿಗೆ. ಹಾಗೆ ನಿಂತುಬಿಟ್ಟರೆ ಹೇಗೆ? ಅದು ಬೇರೆ, ಇದು ಬೇರೆ. ಅಲ್ಲಿಗೆ ಹೋಗು ಅನ್ನೋಕೆ ಬೇರೆ ಮಾತು ಎಲ್ಲಿಂದ ತರಲಿ ನಾನು? ಹೋಗು. ಚಿಲಕ ಹಾಕಬೇಡ, ತಲೆ ಸುತ್ತಿದ್ರೆ ಕಷ್ಟ. ನಾನು ಇಲ್ಲೇ ಹೊರಗೆ ನಿಂತಿರ್ತೀನಿ.

ನೀರು ಎರಡು ಸಲ ಬಿಡು. ಕೈ ಸೋಪು ಹಚ್ಚಿ ಚೆನ್ನಾಗಿ ತೊಳಿ. ಇವತ್ತು ಮನೆಯಲ್ಲೂ ಹಾಗೇ ಮಾಡಬೇಕು, ಎರಡೆರಡು ಸಲ… ಅಕ್ಕ? ಕೇಳಿಸ್ತಿದೆಯಾ? ಹೂಂ ಅನ್ನು ಒಂದು ಸಲ. ಒಳಗಿಂದ ಹೂಂ ಅಂದ್ರೆ ಯಾರೂ ಬೈಯಲ್ಲ, ಅಲ್ಲಿ ಕ್ಯಾಮೆರಾ ಇಲ್ಲ.

ಬಂದೆಯಾ. ಮುಖ ತೊಳ್ಕೊಂಡಿದ್ದೀಯ. ಒರೆಸ್ಕೋ, ಟವೆಲ್ ಇಲ್ಲಿದೆ. ಮಲಗು, ಈ ಸಲ ಬೇಗ ಆಗುತ್ತೆ, ಒಂದೊಂದಕ್ಕೆ ಮೂರ್ನಾಲ್ಕು ನಿಮಿಷ. ನಾನು ಮಾತಾಡಲ್ಲ. ನೀನು ಸುಮ್ಮನೆ ಇದ್ದೀಯ, ನಾನೂ ಸುಮ್ಮನೆ ಇರ್ತೀನಿ.

…

ಆ ಊರಿನ ಹವೆ ಒಳ್ಳೇದಂತೆ ಅಕ್ಕ. ಅಳಿಯ ಹೇಳ್ತಿದ್ದ. ಮಹಡಿಯಲ್ಲಿ ನಿನಗೆ ಅಂತಲೇ ಕೋಣೆ ಖಾಲಿ ಮಾಡಿಸಿದ್ದಾನೆ, ಮಷಿನ್ ಇಡೋಕೆ ಕಿಟಕಿ ಹತ್ತಿರ ಜಾಗ. ಲಾರಿಯವನಿಗೂ ಹೇಳಿಯಾಗಿದೆ. ಅಂಗಡಿ ಬೋರ್ಡು ಇಳಿಸಿದ್ದೀಯ, ಬಾಕಿ ಬಟ್ಟೆ ಎಲ್ಲ ಅವರವರ ಮನೆಗೆ ಮುಟ್ಟಿಸಿದ್ದೀಯ. ಗಂಟು ಮೂಟೆ ಕಟ್ಟಿ ಬಾಗಿಲ ಹತ್ತಿರ ಇಟ್ಟಿದ್ದೀಯ. ಇಷ್ಟೆಲ್ಲ ಆದ ಮೇಲೆ ಒಂದು ಮಾತಿಗೆ ಕಾಯ್ತಾ ಕೂರೋದಾ? ಹೋಗಿಬಿಡು. ನಾಳಿದ್ದು ಬಸ್ಸು ಹತ್ತಿಬಿಡು. ಮಗು ಹುಟ್ಟಲಿ. ಕೈಗೆ ತಗೋ. ಸ್ನಾನ ಮಾಡಿಸು, ಅಂಗಿ ಹಾಕು. ಒಂದು ಮಡಿಕೆನಾದ್ರೂ ನಿನ್ನ ಕೈಯಾರೆ ಬಿಚ್ಚು… ಎಷ್ಟು ದಿನ ಆಗುತ್ತೋ ಅಷ್ಟು ದಿನ… ಅಂದ್ರೆ, ಅವರು ಎಷ್ಟು ದಿನ ಇರಿ ಅಂತಾರೋ ಅಷ್ಟು ದಿನ ಅಂತ.

ಮಾತಾಡಲ್ಲ ಅಂದಿದ್ದೆ ಅಲ್ವಾ.

ಆಯ್ತು. ನಿಜವಾಗಲೂ ಆಯ್ತು ಈಗ. ಕ್ಯಾಮೆರಾ ದೂರ ತಳ್ಳಿದ್ದೀನಿ. ಈಗ ನೀನು ಅಲುಗಾಡಬಹುದು, ಕೆಮ್ಮಬಹುದು, ನಗಬಹುದು, ಮಾತಾಡಬಹುದು. ಬಲಗೈ ಊರಿ ಏಳು. ಹಾಗೆ. ಚಪ್ಪಲಿ ಇಲ್ಲಿದೆ. ನಿನ್ನ ಡಾಕ್ಟರ ಕೈಗೆ ರಿಪೋರ್ಟು ನಾಳೆ ಮಧ್ಯಾಹ್ನ ಹೋಗುತ್ತೆ. ಅವರು ಕರೆದು ಹೇಳ್ತಾರೆ. ಎಲ್ಲ ವಿವರವಾಗಿ ಹೇಳ್ತಾರೆ.

ಬಾ, ಬಾಗಿಲವರೆಗೂ ಬರ್ತೀನಿ. ಅಲ್ಲಿ ನೋಡು, ನಿನ್ನ ಮಗಳು, ಆ ತುದಿಯ ಬೆಂಚಿನಲ್ಲಿ. ನಮ್ಮನ್ನ ನೋಡಿ ಎದ್ದಳು. ಕೂತ್ಕೋ ಅಂತ ಕೈ ಮಾಡು… ಹಾಂ. ಕೈ ಬೀಸ್ತಿದ್ದಾಳೆ. ಹೊಟ್ಟೆ ಎಷ್ಟು ಮುಂದೆ ಬಂದಿದೆ ಅಲ್ವಾ ಅವಳಿಗೆ, ಅವಳಿಗಿಂತ ಮುಂಚೆ ಅದೇ ನಡ್ಕೊಂಡು ಬರುತ್ತೆ.

ಸರಿ. ನೀರು ಜಾಸ್ತಿ ಕುಡಿ. ಅವಳಿಂದ ಇವತ್ತೊಂದು ದಿನ ದೂರ ಕೂತ್ಕೋ. ಇಂಜೆಕ್ಷನ್ ಕೊಟ್ಟಲ್ಲಿ ನೀಲಿಗಟ್ಟಿದ್ರೆ ಹೆದರಬೇಡ. ಮತ್ತೆ… ಇನ್ನೇನು. ಮತ್ತೇನೂ ಇಲ್ಲ. ಅಷ್ಟೇ.

ಯಾಕೆ ನಿಂತೆ?

ಎಲ್ಲ ಹೇಳಿದೆನಲ್ಲ. ನೀರು ಹೇಳಿದೆ. ಟೀ ಹೇಳಿದೆ. ಸೂಜಿ… ಹೌದು, ಸೂಜಿ ತಟ್ಟೆಯಲ್ಲೇ ಇದೆ, ತಂದುಕೊಡ್ತೀನಿ. ಅದಕ್ಕಲ್ವಾ?

ಗೊತ್ತು. ಯಾವುದಕ್ಕೆ ಅಂತ ಗೊತ್ತು. ಹೇಳ್ತೀನಿ. ಹೇಳಲ್ಲ ಅಂತ ಯಾರು ಅಂದ್ರು? ಒಂದು ಸಣ್ಣ ಮಾತು, ಸಾವಿರಾರು ಜನಕ್ಕೆ ಹೇಳಿದ್ದೀನಿ, ಒಡಹುಟ್ಟಿದೋಳಿಗೆ ಹೇಳೋಕಾಗಲ್ವಾ. ಸ್ವಲ್ಪ ಗಂಟಲು ಒಣಗಿದೆ, ಬೆಳಿಗ್ಗೆಯಿಂದ ಮಾತಾಡಿ ಮಾತಾಡಿ. ನೀನು ಹೀಗೆ ಮುಖಾನೇ ನೋಡ್ತಾ ನಿಂತ್ರೆ ಯಾರಿಗೆ ತಾನೇ ಬರುತ್ತೆ ಮಾತು? ಆ ಕಡೆ ತಿರುಗು ಒಂದು ನಿಮಿಷ. ಮಗಳನ್ನ ನೋಡು.

ಇನ್ನು…

ತಡಿ. ಇನ್ನು ಈ…

ನೆಲ ಒರೆಸೋ ಅಮ್ಮನೂ ಅಲ್ಲೇ ನಿಂತಿದ್ದಾಳೆ ನೋಡು, ಬಕೆಟ್ ಹಿಡ್ಕೊಂಡು. ಅವಳ ಮುಂದೆ ಬೇಡ ಅನ್ನಿಸುತ್ತೆ. ಅವಳು ಹೋಗಲಿ. ಆಮೇಲೆ ಹೇಳ್ತೀನಿ. ಸಂಜೆ ಮನೆಗೆ ಬಂದು ಹೇಳ್ತೀನಿ ಅಕ್ಕ, ಕೂತು, ಸಮಾಧಾನವಾಗಿ. ಮಾತು ತಾನೇ, ಎಲ್ಲಿ ಹೇಳಿದ್ರೇನು, ಬಾಗಿಲಲ್ಲೇ ಆಗಬೇಕು ಅಂತ ಏನಿದೆ? ನೀನಾದ್ರೂ ಏನಾದ್ರೂ ಮಾತಾಡು. ಬೈಯಿ. ಯಾಕೋ ಮೂಗ, ಬಾಯಿ ಬಿದ್ದುಹೋಯ್ತಾ ಅಂತ ಕೇಳು.

…

ಮತ್ತೆ ಒಳಗೆ ಬಂದು ಬಾಗಿಲು ಯಾಕೆ ಹಾಕಿದೆ? ಮಗಳು ನೋಡ್ತಾ ಇದ್ದಾಳೆ, ಏನಂದ್ಕೋತಾಳೆ? ನಾನಿನ್ನೂ ಏನೂ ಹೇಳಲೇ ಇಲ್ಲವಲ್ಲ ಅಕ್ಕ. ಒಂದಕ್ಷರಾನೂ ಹೇಳಿಲ್ಲ.

ಹತ್ತಿರ ಬರಬೇಡ. ನಿಯಮ… ಸೂಜಿ ಯಾಕೆ ತಗೊಂಡೆ? ಗುಂಡೀನಾ? ಈಗಲಾ? ಬಿಳಿ ಕೋಟಿಗೆ ನೀಲಿ ದಾರ, ಎಲ್ಲರಿಗೂ ಕಾಣುತ್ತೆ…

ಹೂಂ. ಸರಿ.

ಅಲುಗಾಡಲ್ಲ.